ಮೂವತ್ತು ದಿನವಾ, ಮೂರು ದಿನವಾ

ಶನಿವಾರ, 12 ಜುಲೈ 2025, ಸುರತ್ಕಲ್

ಹೊರಗೆ ಕಾಲಿಡ್ಲಿಕ್ಕೆ ಆಗದಷ್ಟು ಮಳೆ, ಹಾಗಾಗಿ ಇಡೀ ದಿನ ಮೋಡ್‌ಫ್ಲೋ ಓಡಿಸಿದ್ದೇ ಕೆಲಸ. ಅಮೆರಿಕದ ಜಿಯಾಲಜಿಕಲ್ ಸರ್ವೇಯವರು 1984ರಲ್ಲಿ ಹೊರತಂದ ಪ್ರೋಗ್ರಾಂ ಇದು, ಈಗಲೂ ಫ್ರೀ. ನೆಲದಡಿ ನೀರು ಎತ್ತ ಹರೀತದೆ ಅಂತ ಹೇಳ್ತದೆ, ನೀರಿನ ಜೊತೆ ಕೊಳಕು ಎಲ್ಲಿಗೆ ಹೋಗ್ತದೆ ಅಂತ ನೋಡ್ಬೇಕಾದ್ರೆ ಎಂಟಿ3ಡಿಯಂಥ ಇನ್ನೊಂದನ್ನು ಅದಕ್ಕೆ ಜೋಡಿಸ್ಬೇಕು.

ನಾನು ಹಾಕಿದ ಲೆಕ್ಕ ನಮ್ಮೂರಲ್ಲಿ ಯಾರ ಕಂಪೌಂಡಲ್ಲೂ ಸಿಗುವಂಥದ್ದೇ. ಮೇಲೊಂದು ಸೋಕ್ ಪಿಟ್, ಅಂದ್ರೆ ಕೊಳೆನೀರು ಇಂಗುವ ಗುಂಡಿ, ಇಳಿಜಾರಲ್ಲಿ 15 ಮೀಟರ್ ಆಚೆ ಬಾವಿ. ನೀರಿನ ಮಟ್ಟದ ಇಳಿಜಾರು ನೂರಕ್ಕೆ ಒಂದು, ಮಣ್ಣಿನ ಕಂಡಕ್ಟಿವಿಟಿ, ಅಂದ್ರೆ ಮಣ್ಣು ನೀರನ್ನು ಎಷ್ಟು ಸಲೀಸಾಗಿ ಬಿಡ್ತದೆ ಅನ್ನುವ ಅಳತೆ, ದಿನಕ್ಕೆ 10 ಮೀಟರ್ ಅಂತ ಇಟ್ಕೊಳ್ಳಿ. ಈ ಎರಡನ್ನು ಗುಣಿಸೋದು 1856ರ ಡಾರ್ಸಿ ನಿಯಮ, ಅದರಿಂದ ಬಂದದ್ದನ್ನು ಮಣ್ಣೊಳಗಿನ ಖಾಲಿ ಜಾಗದಿಂದ ಭಾಗಿಸ್ಬೇಕು. ಖಾಲಿ ಜಾಗ ಶೇ. 20 ಅಂದ್ರೆ ನೀರು ದಿನಕ್ಕೆ ಅರ್ಧ ಮೀಟರ್ ನಡೀತದೆ, ಬಾವಿಗೆ 30 ದಿನ. ಅದೇ ನೀರು ನಿಜವಾಗಿ ಓಡುವ ಜಾಗ ಬರೀ ಶೇ. 2 ಆಗಿದ್ರೆ? 3 ದಿನ! ಬಾಕಿ ಎಲ್ಲಾ ನಂಬರ್ ಅದೇ.

ಮತ್ತೆ ನಮ್ಮ ಕರಾವಳಿಯ ಕೆಂಪು ಮುರಕಲ್ಲಲ್ಲಿ ಈ ಎರಡನೇದೇ ಜಾಸ್ತಿ ಸರಿ ಅಂತ ನನ್ನ ಅಭಿಪ್ರಾಯ. ಕಲ್ಲು ಕಡಿದ ಕ್ವಾರಿಯ ಗೋಡೆ ಹತ್ರದಿಂದ ನೋಡಿದ್ದೀರಾ, ಬೆರಳು ಹೋಗುವಷ್ಟು ತೂತುಗಳು, ಕೆಲವಲ್ಲಿ ಹಳದಿ ಮಣ್ಣು ತುಂಬಿದೆ, ಕೆಲವು ಖಾಲಿ, ಮಳೆ ಬಂದಾಗ ಆ ಖಾಲಿ ತೂತಿಂದ ನೀರು ನಲ್ಲಿ ಬಿಟ್ಟ ಹಾಗೆ ಬರ್ತದೆ. ಕೆಳಗೆ ಜೇಡಿಯಂಥ ನುಣುಪು ಶೇಡಿ ಮಣ್ಣು, ಅದರಲ್ಲಿ ನೀರು ಬೇಗ ಇಳಿಯೋದಿಲ್ಲ, ಹಾಗಾಗಿ ಅದರ ಮೇಲಿಂದಲೇ ಅಡ್ಡಕ್ಕೆ ಹರಿದು ಬಾವಿ, ಬೈಲು ಅಂತ ಹೋಗ್ತದೆ. ಮಾಡೆಲ್ ಮಾತ್ರ ಇದನ್ನೆಲ್ಲ ಕಲಸಿ ಸರಾಸರಿ ಮಣ್ಣು ಅಂತ ತಗೊಳ್ತದೆ, ಸರಾಸರಿ ಮುರಕಲ್ಲು ಅಂತ ಎಲ್ಲುಂಟು ಮಾರಾಯ್ರೆ? ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿ ಸುತ್ತ 50 ದಿನದ ಗೆರೆ ಹಾಕ್ತಾರೆ, ಅಷ್ಟು ದಿನ ನೆಲದೊಳಗೆ ಕಳೆದ್ರೆ ಹೆಚ್ಚಿನ ರೋಗಾಣು ಸಾಯ್ತವೆ ಅಂತ. ನಮ್ಮ 15 ಮೀಟರ್ ಆ ಲೆಕ್ಕದಲ್ಲಿ ಹೇಗೂ ಫೇಲ್.

ಸಂಜೆ ಪಕ್ಕದ ಮನೆ ಅಕ್ಕ ಬಂದವರು ಸ್ಕ್ರೀನಲ್ಲಿ ಕೆಂಪು ಬಣ್ಣ ಬಾವಿವರೆಗೆ ಹರಡಿದ್ದು ನೋಡಿ, "ಬ್ಲೀಚಿಂಗ್ ಪೌಡರ್ ಹಾಕಿದ್ರೆ ಆಯ್ತಲ್ಲ ಮಾರಾಯ್ತಿ, ಅದಕ್ಕೆ ಇಷ್ಟೆಲ್ಲ ಎಂತಕ್ಕೆ?" ಅಂದ್ರು. ಬ್ಯಾಕ್ಟೀರಿಯಕ್ಕೆ ಸರಿ ಅಕ್ಕ, ಕೊಳೆನೀರಿಂದ ಬರುವ ನೈಟ್ರೇಟ್ ಅದಕ್ಕೆ ಬಗ್ಗೋದಿಲ್ಲ, ಕುದಿಸಿದ್ರೂ ಹೋಗೋದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿ ಆಗ್ತದೆ ಅಷ್ಟೆ. ಕುಡಿಯುವ ನೀರಲ್ಲಿ ನೈಟ್ರೇಟಿಗೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 45 ಮಿಲಿಗ್ರಾಂ. ಫಾಸ್ಫೇಟ್ ಆದ್ರೆ ಮುರಕಲ್ಲಿನ ಕಬ್ಬಿಣದ ಅಂಶಕ್ಕೆ ಅಂಟಿಕೊಂಡು ಹಿಂದೆ ಉಳೀತದೆ, ನೈಟ್ರೇಟ್ ಎಲ್ಲೂ ನಿಲ್ಲದೆ ನೀರಿನ ಸ್ಪೀಡಲ್ಲೇ ಬರ್ತದೆ.

30 ಸರಿಯಾ 3 ಸರಿಯಾ ಅಂತ ಕಂಪ್ಯೂಟರ್ ಹೇಳೋದಿಲ್ಲ. ಪಿಟ್ಟಿಗೆ ಉಪ್ಪುನೀರು ಸುರಿದು ಬಾವಿಗೆ ಉಪ್ಪಿನಂಶ ಅಳೆಯುವ ಮೀಟರ್ ಇಳಿಸಿ ಕಾಯ್ಬೇಕು, ಅದೂ ಮಳೆಗಾಲದಲ್ಲೊಮ್ಮೆ, ಜನವರಿಯಲ್ಲೊಮ್ಮೆ. ಅಕ್ಕನ ಬಾವಿಯೇ ಬೆಸ್ಟ್. ಕೇಳಿದೆ, "ಮೊದ್ಲು ನಮ್ಮವರನ್ನು ಕೇಳ್ತೇನೆ" ಅಂದಿದ್ದಾರೆ.