ಯೂನಿಟ್ ರೂಟ್ ಅರ್ಥವಾಗಿದ್ದು ಅಪ್ಪನ ಪೇಪರ್‌ನಿಂದ

ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಟೈಮ್ ಸೀರೀಸ್ ಪೇಪರ್ ಶುರುವಾದಾಗ ನಾನು ಸ್ವಲ್ಪ ಉಡಾಫೆಯಲ್ಲೇ ಇದ್ದೆ. ಪಿಯುಸಿಯಲ್ಲಿ ಮೂವಿಂಗ್ ಆವರೇಜ್ ಹಾಕಿದ್ದೆವು, ಟ್ರೆಂಡ್ ಗೆರೆ ಎಳೆದಿದ್ದೆವು, ಇನ್ನೇನಿದೆ ಅಂತ. ಎರಡು ವಾರದಲ್ಲಿ ಜಂಬ ಇಳಿಯಿತು. ಲ್ಯಾಬ್‌ನಲ್ಲಿ ಎಲ್ಲರಿಗೂ ಕೊಡುವ ಅದೇ ವಿಮಾನ ಪ್ರಯಾಣಿಕರ ಡೇಟಾ ಕೊಟ್ಟರು: 1949ರಿಂದ 1960ರವರೆಗೆ, ತಿಂಗಳಿಗೊಂದರಂತೆ 144 ಸಂಖ್ಯೆ. ಲಾಗ್ ತಗೊಳ್ಳಿ, ಡಿಫರೆನ್ಸ್ ಮಾಡಿ (ಪ್ರತಿ ಸಂಖ್ಯೆಯಿಂದ ಅದರ ಹಿಂದಿನದನ್ನು ಕಳೆಯಿರಿ), ಮತ್ತೆ 12 ತಿಂಗಳ ಡಿಫರೆನ್ಸ್ ಮಾಡಿ ಅಂದರು. ಮಾಡಿದೆವು. ಯಾಕೆ ಅಂತ ಕೇಳಿದರೆ 'ಸ್ಟೇಷನರಿ ಆಗಬೇಕಲ್ವಾ' (ಸರಾಸರಿ, ಏರಿಳಿತದ ರೀತಿ ಕಾಲ ಕಳೆದಂತೆ ಬದಲಾಗಬಾರದು) ಅನ್ನುವುದು ಬಿಟ್ಟು ನನ್ನ ಹತ್ತಿರ ಉತ್ತರ ಇರಲಿಲ್ಲ.

ಪ್ರಾಜೆಕ್ಟ್‌ಗೆ ಕೆಆರ್‌ಎಸ್ ನೀರಿನ ಮಟ್ಟ ತಗೊಂಡೆ. ನಮ್ಮದು ಮಂಡ್ಯ ಕಡೆ, ವಿ.ಸಿ. ನಾಲೆ ನೀರಲ್ಲಿ ಭತ್ತ ಬೆಳೆಯುವ ಮನೆ. ಪೇಪರ್ ಬಂದರೆ ಅಪ್ಪ ಮೊದಲು ನೋಡುವುದು ಆ ಚಿಕ್ಕ ಬಾಕ್ಸನ್ನೇ: ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು.

ಮೊದಲ ಮಾಡೆಲ್‌ಗೆ ಆರ್ ಸ್ಕ್ವೇರ್ (ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತೆ ಅನ್ನುವ ಅಳತೆ, 1 ಆದರೆ ಪೂರ್ತಿ) 0.99 ಬಂತು. ಕುಣಿದಾಡಿಕೊಂಡು ಗೈಡ್‌ಗೆ ತೋರಿಸಿದೆ. ಅವರು ಪೂರ್ತಿ ನೋಡಲೂ ಇಲ್ಲ. 'ನಿನ್ನೆಯ ಮಟ್ಟವನ್ನೇ ಇವತ್ತಿನದು ಅಂತ ಬರೆದರೆ ಎಷ್ಟು ಬರುತ್ತೆ, ನೋಡಿದ್ಯೇನಮ್ಮಾ?' ಅಂದರು. ಹಾಸ್ಟೆಲ್‌ಗೆ ಬಂದು ನೋಡಿದರೆ ಅದೂ 0.99. ಮೂರು ವಾರ ಕೂತು ನಾನು ಕಂಡುಹಿಡಿದಿದ್ದು, ಅಣೆಕಟ್ಟೆ ಒಂದೇ ರಾತ್ರಿಯಲ್ಲಿ ಖಾಲಿಯಾಗುವುದಿಲ್ಲ ಅನ್ನುವುದನ್ನು!

ಆ ವಾರ ಊರಿಗೆ ಹೋಗಿದ್ದೆ. ಅಪ್ಪ ಎಂದಿನಂತೆ 'ನೆನ್ನೆಗಿಂತ ಎಷ್ಟು ಏರದೆ ನೋಡವ್ವ' ಅಂದರು. ಎಷ್ಟಿದೆ ಅಂತ ಕೇಳಲಿಲ್ಲ, ಎಷ್ಟು ಏರಿದೆ ಅಂತ ಕೇಳಿದರು. ಇದೇ ಡಿಫರೆನ್ಸ್ ಅಲ್ವಾ! ಕೊಡಗಿನಲ್ಲಿ ಎರಡು ದಿನ ಜೋರು ಮಳೆಯಾದರೆ ಒಳಹರಿವು ಏರುತ್ತೆ, ಮಳೆ ನಿಂತರೆ ಕೆಲವು ದಿನದಲ್ಲಿ ಇಳಿಯುತ್ತೆ. ಆದರೆ ಆ ಮಳೆ ತಂದ ನೀರು ಒಳಗೇ ಇರುತ್ತೆ, ಆವಿಯಾಗಿದ್ದು ಬಿಟ್ಟರೆ, ಯಾರಾದರೂ ಗೇಟ್ ತೆಗೆಯುವವರೆಗೂ. ಹೊಳೆ ಮರೆಯುತ್ತೆ, ಅಣೆಕಟ್ಟೆ ಮರೆಯಲ್ಲ. ಒಮ್ಮೆ ಬಂದ ಏರಿಳಿತ ಹೀಗೆ ಅಳಿಯದೆ ಉಳಿಯುವುದನ್ನೇ ಪುಸ್ತಕದಲ್ಲಿ ಯೂನಿಟ್ ರೂಟ್ ಅಂತಾರೆ. ಇವತ್ತಿನ ಮಟ್ಟಕ್ಕೂ ಹಿಂದಿನ ದಿನಗಳ ಮಟ್ಟಕ್ಕೂ ಎಷ್ಟು ನಂಟು ಅಂತ ತೋರಿಸುವ ನನ್ನ ಎಸಿಎಫ್ ಚಿತ್ರದ ಕಡ್ಡಿಗಳು ಯಾಕೆ ಅಷ್ಟು ನಿಧಾನವಾಗಿ ಗಿಡ್ಡವಾಗ್ತಾ ಹೋಗ್ತವೆ ಅಂತ ಆವತ್ತು ಗೊತ್ತಾಯಿತು.

ಇನ್ನೊಂದು ತಪ್ಪನ್ನೂ ಅಪ್ಪನೇ ಹಿಡಿದರು. ನಾನು ಅಡಿಯಲ್ಲಿ ಲೆಕ್ಕ ಹಾಕ್ತಾ ಇದ್ದೆ. ಅಣೆಕಟ್ಟೆ ಬಾಣಲೆಯ ಹಾಗೆ ಮೇಲೆ ಹೋದಷ್ಟೂ ಅಗಲ, ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ತಳದ ಒಂದು ಅಡಿಗಿಂತ ಎಷ್ಟೋ ಜಾಸ್ತಿ. ಹನ್ನೊಂದೂವರೆ ಸಾವಿರ ಕ್ಯುಸೆಕ್ ದಿನಪೂರ್ತಿ ಬಂದರೆ ಒಂದು ಟಿಎಂಸಿ ಅನ್ನುವುದು ಅವರಿಗೆ ಬಾಯಿಪಾಠ (ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ; ನಾನು ಕ್ಯಾಲ್ಕುಲೇಟರ್ ಒತ್ತಿ ನೋಡಿದೆ, 11,574). ಟಿಎಂಸಿಗೆ ಬದಲಿಸಿ ಡಿಫರೆನ್ಸ್ ಮಾಡಿದ ಮೇಲೆ ಆ ಸಂಖ್ಯೆ ಒಳಹರಿವು ಕಳೆ ಹೊರಹರಿವಿಗೆ ಹೆಚ್ಚುಕಮ್ಮಿ ಕೂಡಿ ಬಂತು. ಪ್ರೂಫ್ ಬರೆದಾಗ ಬಾರದ ಖುಷಿ ಅದರಲ್ಲಿ ಬಂತು.

ಆದರೂ ಮಾಡೆಲ್ ಎರಡು ಕಡೆ ಕೈಕೊಟ್ಟಿತು. ನಿನ್ನೆಯ ಮಟ್ಟಕ್ಕೆ ದಿನಾ ಒಂದು ಗೊತ್ತುಗುರಿಯಿಲ್ಲದ ಏರಿಳಿತ ಕೂಡಿಸುತ್ತಾ ಹೋಗುವ ರ್‍ಯಾಂಡಮ್ ವಾಕ್‌ಗೆ ಮೇಲೆ ಸೂರಿಲ್ಲ, ಕೆಆರ್‌ಎಸ್‌ಗೆ 124.80 ಅಡಿಯ ಸೂರಿದೆ. ತುಂಬಿದ ಮೇಲೆ ಬಂದದ್ದನ್ನೆಲ್ಲ ಹೊಳೆಗೆ ಬಿಡಲೇಬೇಕು, 2024ರ ಜುಲೈನಲ್ಲಿ ಹಾಗೇ ಆಯಿತು. 2023ರಲ್ಲಿ ಬರ, ತುಂಬಲೇ ಇಲ್ಲ. ಆಗ ಹೊರಹರಿವು ಎಷ್ಟು ಅನ್ನುವುದು ಮಳೆಗಿಂತ ಜಾಸ್ತಿ ಆದೇಶಗಳ ಮೇಲೆ ನಿಂತಿತ್ತು. ಅದಕ್ಕೆ ಯಾವ ಲ್ಯಾಗ್ (ಎಷ್ಟು ದಿನ ಹಿಂದಿನ ಸಂಖ್ಯೆ) ಹಾಕೋದು?

ವೈವಾ ಮುಗಿದ ಮೇಲೆ ಅಪ್ಪನಿಗೆ ಮುಂದಿನ ಹತ್ತು ದಿನದ ಅಂದಾಜಿನ ಗ್ರಾಫ್ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು. 'ನಾಲೆಗೆ ಯಾವತ್ತು ಬುಡ್ತಾರೆ ಅಂತ ಇದ್ರಲ್ಲಿ ಐತಾ?'

ಇಲ್ಲ ಅಂದೆ. ಪೇಪರ್ ತಗೊಂಡು ಜಗಲಿಗೆ ಹೋದರು.