ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರ ಕೊರತೆಗಳು

ಪಾಠ ಹೇಳುವುದರಲ್ಲಿ ನನಗೆ ತಕ್ಕಮಟ್ಟಿಗೆ ಒಳ್ಳೆಯ ಹೆಸರಿದೆ. ಕರಿಹಲಗೆಯ ಮೇಲೆ ಅಂದವಾಗಿ ಬರೆಯುತ್ತೇನೆ, ಚಿತ್ರ ಬಿಡಿಸುತ್ತೇನೆ, ಹೇಳಬೇಕಾದದ್ದನ್ನೆಲ್ಲ ಗಂಟೆ ಹೊಡೆಯುವ ಹೊತ್ತಿಗೆ ಮುಗಿಸುತ್ತೇನೆ. ಮಕ್ಕಳು ಕೇಳಬಹುದಾದ ಪ್ರಶ್ನೆಗಳು ಎಷ್ಟೋ ವರ್ಷಗಳಿಂದ ಅವೇ ಆಗಿರುವುದರಿಂದ ಉತ್ತರಗಳೂ ನಾಲಿಗೆಯ ತುದಿಯಲ್ಲಿರುತ್ತವೆ. ಆದರೆ ಪ್ರಾಜೆಕ್ಟ್ ಆಧಾರಿತ ಕಲಿಕೆಗೆ ಕೈಹಾಕಿದ ಮೇಲೆ, ನನ್ನ ಬಲವೆಂದು ನಾನು ನಂಬಿದ್ದ ಈ ಗುಣಗಳಲ್ಲಿ ಹೆಚ್ಚಿನವು ಮಕ್ಕಳ ಕಲಿಕೆಗೆ ಅಡ್ಡ ನಿಲ್ಲುತ್ತಿವೆ ಎಂಬುದು ಅರಿವಿಗೆ ಬಂತು. ಪಾಠ ಮಾಡುವಾಗ ಮೇಷ್ಟ್ರ ಕೊರತೆಗಳು ಮಾತಿನ ಹಿಂದೆ ಮರೆಯಾಗಿಬಿಡುತ್ತವೆ. ಪ್ರಾಜೆಕ್ಟ್ ಮಾಡಿಸುವಾಗ ಹಾಗೆ ಮರೆಸುವ ಅವಕಾಶವಿಲ್ಲ.

ಮೊದಲು ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದೇನು ಎಂಬುದನ್ನು ಹೇಳಬೇಕು. ನಮ್ಮ ಪ್ರೌಢಶಾಲೆಗಳಲ್ಲಿ ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಕಲಿಕೆಯ ಜೊತೆಜೊತೆಗೇ ವರ್ಷವಿಡೀ ನಡೆಯುವ ಮೌಲ್ಯಮಾಪನದ ಭಾಗವಾಗಿ ಚಟುವಟಿಕೆಗಳಿಗೂ ಯೋಜನಾ ಕಾರ್ಯಗಳಿಗೂ ಅಂಕಗಳಿವೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದ ಲಿಖಿತ ಪರೀಕ್ಷೆಗೆ 80 ಅಂಕಗಳಾದರೆ ಆಂತರಿಕ ಮೌಲ್ಯಮಾಪನಕ್ಕೆ 20. ಈ ಅಂಕಗಳಿಗಾಗಿ ಮಕ್ಕಳು ಝೆರಾಕ್ಸ್ ಅಂಗಡಿಗೆ ಹೋಗಿ ವಿಷಯದ ಹೆಸರು ಹೇಳುತ್ತಾರೆ, ಅಂಗಡಿಯವನು ಅಂತರ್ಜಾಲದಿಂದ ನಾಲ್ಕು ಪುಟ ಪ್ರಿಂಟ್ ತೆಗೆದುಕೊಡುತ್ತಾನೆ, ಮಕ್ಕಳು ಅದಕ್ಕೆ ಬಣ್ಣದ ರಟ್ಟು ಹಾಕಿಸಿ ತಂದೊಪ್ಪಿಸುತ್ತಾರೆ. ನಾವು ಸಹಿ ಹಾಕುತ್ತೇವೆ. ಇದಕ್ಕೆ ಮಕ್ಕಳನ್ನು ಬೈಯುವುದು ಸುಲಭ, ಆದರೆ ಅಂಕ ಕೊಡುವಾಗ ರಟ್ಟಿನ ಅಂದವನ್ನೇ ನೋಡುವವರು ನಾವು ತಾನೆ?

ನಮ್ಮ ಶಾಲೆ ಇರುವುದು ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿ ಬದುಕಿದ, ಕೆರೆಗಳು ಬತ್ತಿದ ಮೇಲೆ ಸಾವಿರ ಅಡಿಗೂ ಆಳಕ್ಕೆ ಬೋರ್‌ವೆಲ್ ಕೊರೆದ ಸೀಮೆ ಇದು. ಹಾಗಾಗಿ ಒಂಬತ್ತನೆಯ ತರಗತಿಯವರಿಗೆ ‘ನಮ್ಮೂರಿನ ನೀರು’ ಎಂಬುದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚಲಿಲ್ಲ. ಒಂದು ತಂಡ ಕೆರೆಯ ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳ ನಕ್ಷೆ ಬರೆಯಬೇಕು. ಇನ್ನೊಂದು ತಂಡ ಹಿಂದೆ ನೀರುಗಂಟಿಯ ಕೆಲಸ ಮಾಡಿದವರ ಮನೆಗೆ ಹೋಗಿ, ನೀರನ್ನು ಯಾವ ಲೆಕ್ಕದಲ್ಲಿ ಹಂಚುತ್ತಿದ್ದರೆಂದು ಕೇಳಿ ಬರೆದುಕೊಂಡು ಬರಬೇಕು. ಮತ್ತೊಂದು ತಂಡ ಕುಡಿಯುವ ನೀರನ್ನು ಪರೀಕ್ಷಿಸಬೇಕು. ಜಲಜೀವನ್ ಮಿಷನ್ ಬಂದ ಮೇಲೆ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್‌ಗಳನ್ನು ಕೊಟ್ಟಿದ್ದಾರೆ. ಅದನ್ನು ಕೇಳಿ ಪಡೆದುಕೊಂಡೆವು.

ನಮ್ಮ ಕಡೆ ಮುಖ್ಯವಾದದ್ದು ಫ್ಲೋರೈಡ್. ಗ್ರಾನೈಟ್ ಜಾತಿಯ ಗಟ್ಟಿ ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಕರಗಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು ಎಂಬುದು ಭಾರತೀಯ ಮಾನಕ ಬ್ಯೂರೋ ಹಾಕಿರುವ ಮಿತಿ. ಕಿಟ್‌ನ ನಳಿಕೆಯಲ್ಲಿ ನೀರು ಹಾಕಿ, ಕಾರಕದ ಹನಿಗಳನ್ನು ಸೇರಿಸಿ, ಮೂಡುವ ಬಣ್ಣವನ್ನು ಪಟ್ಟಿಯಲ್ಲಿರುವ ಬಣ್ಣಗಳೊಂದಿಗೆ ಹೋಲಿಸಬೇಕು. ಶಾಲೆಯ ಹತ್ತಿರದ ಬೋರ್‌ವೆಲ್ ನೀರಿನ ಬಣ್ಣ ಆ ಪಟ್ಟಿಯ ಎರಡು ಚೌಕಗಳ ನಡುವೆ ಬಂತು. ಒಬ್ಬ ಹುಡುಗ ‘ಒಂದು’ ಎಂದ, ಪಕ್ಕದಲ್ಲಿದ್ದ ಹುಡುಗಿ ‘ಒಂದೂವರೆ’ ಎಂದಳು. ಇಬ್ಬರೂ ನಳಿಕೆಯನ್ನು ಕಿತ್ತಾಡಿಕೊಂಡು ಬಿಸಿಲಿಗೆ ಹಿಡಿದರು, ನೆರಳಿಗೆ ಹಿಡಿದರು, ಹಿಂದೆ ಬಿಳಿ ಹಾಳೆ ಇಟ್ಟು ನೋಡಿದರು. ಉಳಿದವರು ಒಬ್ಬೊಬ್ಬರೇ ಒಂದೊಂದು ಪಕ್ಷ ಸೇರಿದರು. ನಾನು ನಡುವೆ ಹೋಗಿ, ‘ಒಂದು ಅಂತ ಬರೀರಿ, ಮುಂದಿನದು ನೋಡೋಣ’ ಎಂದುಬಿಟ್ಟೆ. ಗದ್ದಲ ನಿಂತಿತು, ಎಲ್ಲರೂ ಒಂದು ಎಂದು ಬರೆದುಕೊಂಡರು.

ಆ ಗದ್ದಲವೇ ಅಂದಿನ ನಿಜವಾದ ವಿಜ್ಞಾನವಾಗಿತ್ತು ಎಂಬುದು ವರದಿಗಳನ್ನು ತಿದ್ದಲು ಕುಳಿತಾಗಲಷ್ಟೇ ನನಗೆ ಹೊಳೆಯಿತು. ಒಂದು ಮತ್ತು ಒಂದೂವರೆಯ ನಡುವಿನ ಅಂತರ ಕುಡಿಯುವ ನೀರಿನ ಮಟ್ಟಿಗೆ ಸಣ್ಣದಲ್ಲ. ಕಣ್ಣಳತೆಯ ಪರೀಕ್ಷೆಯಲ್ಲಿ ಎಷ್ಟು ಅನಿಶ್ಚಿತತೆ ಇರುತ್ತದೆ, ಅದನ್ನು ಕಡಿಮೆ ಮಾಡುವುದು ಹೇಗೆ, ಎಷ್ಟು ಸಲ ಪರೀಕ್ಷಿಸಿದರೆ ನಂಬಬಹುದು, ಯಾವ ಹಂತದಲ್ಲಿ ತಾಲ್ಲೂಕಿನ ಪ್ರಯೋಗಾಲಯಕ್ಕೆ ಕಳಿಸಬೇಕು ಎಂಬ ಪ್ರಶ್ನೆಗಳೆಲ್ಲ ಆ ಜಗಳದಿಂದ ತಾವಾಗಿಯೇ ಏಳುತ್ತಿದ್ದವು. ಹದಿನೈದು ನಿಮಿಷ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಪೋರ್ಷನ್ ಮುಗಿಸುವ ಆತುರ ಅಂದೇನೂ ಇರಲಿಲ್ಲ. ಮಕ್ಕಳು ತೀರ್ಮಾನಕ್ಕೆ ಬಾರದೆ ಒದ್ದಾಡುವಾಗ ಮೇಷ್ಟ್ರು ಕೈಕಟ್ಟಿ ನಿಂತರೆ ಅದು ಕೆಲಸಗಳ್ಳತನ ಎಂಬ ಭಾವನೆ ನನ್ನೊಳಗೆ ಆಳವಾಗಿ ಬೇರೂರಿತ್ತು.

ಎರಡನೆಯ ಕೊರತೆ ಇದಕ್ಕೆ ಅಂಟಿಕೊಂಡೇ ಇರುವಂಥದ್ದು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಜಿಲ್ಲೆಗೆ ಬಂತು. ಅಂತರ್ಜಲ ಮೇಲೆದ್ದಿತೆಂದು ಸಂತೋಷಪಡುವವರೂ ಇದ್ದಾರೆ, ಮೂರನೆಯ ಹಂತದ ಸಂಸ್ಕರಣೆ ಆಗಲೇಬೇಕೆಂದು ಹೋರಾಡುವವರೂ ಇದ್ದಾರೆ. ‘ಆ ನೀರು ಬೋರ್‌ವೆಲ್‌ಗೆ ಇಳಿದರೆ ಕುಡೀಬಹುದಾ ಸಾರ್?’ ಎಂದು ಒಬ್ಬಳು ಕೇಳಿದಾಗ ನನಗೆ ಗೊತ್ತಿಲ್ಲ ಎನ್ನುವ ಬದಲು, ‘ಅದು ಸರ್ಕಾರದ ವಿಷಯ, ನಮ್ಮ ಪ್ರಾಜೆಕ್ಟಿಗೆ ಬರುವುದಿಲ್ಲ’ ಎಂದು ಜಾರಿಕೊಂಡೆ. ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ಮುಂತಾದವು ತಿಳಿಯುತ್ತವೆಯೇ ಹೊರತು ಭಾರಲೋಹಗಳು ತಿಳಿಯುವುದಿಲ್ಲ ಎಂದಷ್ಟೇ ಹೇಳಿದ್ದರೂ ಆ ಹುಡುಗಿಗೆ ತನ್ನ ಪ್ರಶ್ನೆಯ ಉತ್ತರ ಎಲ್ಲಿ ಸಿಗಬಹುದು, ಎಲ್ಲಿ ಸಿಗಲಾರದು ಎಂಬ ದಾರಿಯಾದರೂ ಕಾಣುತ್ತಿತ್ತು.

ಇನ್ನೊಂದನ್ನು ನಾನು ಬಹಳ ದಿನ ಗಮನಿಸಿಯೇ ಇರಲಿಲ್ಲ. ತಂಡಗಳಲ್ಲಿ ಟೇಪು ಹಿಡಿದು ಅಳೆಯುವವರು, ಏರಿಯ ಮೇಲೆ ಓಡಾಡುವವರು, ನೀರುಗಂಟಿಯವರ ಜೊತೆ ಮಾತನಾಡುವವರು ಬಹುತೇಕ ಹುಡುಗರು; ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ವರದಿ ಬರೆಯುವ, ಚಾರ್ಟಿಗೆ ಬಣ್ಣ ಹಚ್ಚುವ ಕೆಲಸ ಹುಡುಗಿಯರದು. ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ, ಮಾಡಬೇಡಿ ಎಂದು ನಾನೂ ಹೇಳಿರಲಿಲ್ಲ. ಈಗ ಪ್ರತಿ ವಾರ ಕೆಲಸ ಬದಲಾಗಲೇಬೇಕೆಂಬ ನಿಯಮವಿದೆ. ಅಕ್ಷರ ಕೆಟ್ಟ ವರದಿಗಳನ್ನು ಓದುವುದು ಕಷ್ಟ, ಆದರೆ ಅಳತೆ ತೆಗೆದವರೇ ಬರೆಯುವುದರಿಂದ ಅಂಕಿಗಳು ಹೆಚ್ಚು ನಂಬಿಕೆಗೆ ಅರ್ಹವಾಗಿವೆ.

ಪ್ರಾಜೆಕ್ಟ್ ವಿಧಾನ ಹೊಸದೇನಲ್ಲ. ಅಮೆರಿಕದ ಶಿಕ್ಷಣ ಚಿಂತಕ ಕಿಲ್‌ಪ್ಯಾಟ್ರಿಕ್ ಈ ಕುರಿತ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದ್ದು 1918ರಲ್ಲಿ. ಕೈಕೆಲಸದ ಮೂಲಕವೇ ಕಲಿಸಬೇಕೆಂಬ ಗಾಂಧೀಜಿಯವರ ನಯೀ ತಾಲೀಮ್ ರೂಪುಗೊಂಡಿದ್ದು 1937ರ ವಾರ್ಧಾ ಸಮ್ಮೇಳನದಲ್ಲಿ. ಆದರೆ ನನ್ನಂಥವರಿಗೆ ಹೆಚ್ಚು ಹತ್ತಿರದ್ದು ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಹದಿನಾರು ಶಾಲೆಗಳಲ್ಲಿ ಆರಂಭವಾಗಿ 2002ರಲ್ಲಿ ಸರ್ಕಾರ ನಿಲ್ಲಿಸಿದ ವಿಜ್ಞಾನ ಬೋಧನೆಯ ಕಾರ್ಯಕ್ರಮ. ಅಲ್ಲಿ ಪ್ರಯೋಗಗಳ ಜೊತೆಗೆ ಪರೀಕ್ಷೆಯನ್ನೂ ಬದಲಿಸಿದ್ದರು; ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದಿತ್ತು. ಈ ಎರಡನೆಯ ಕೆಲಸವಿಲ್ಲದೆ ಮೊದಲನೆಯದು ನಿಲ್ಲುವುದಿಲ್ಲ ಎಂದು ನನಗನ್ನಿಸುತ್ತದೆ. ಅಂಕಪಟ್ಟಿಯನ್ನು ಬದಲಿಸುವ ಅಧಿಕಾರ ನನಗಿಲ್ಲ, ಆದರೆ ಪ್ರಾಜೆಕ್ಟಿನ ಅಂಕಗಳನ್ನು ಯಾವುದಕ್ಕೆ ಕೊಡಬೇಕು ಎಂದು ತೀರ್ಮಾನಿಸುವ ಅಧಿಕಾರವಿದೆ. ಈಗ ಅದರಲ್ಲಿ ಹೆಚ್ಚಿನ ಪಾಲು ಮಕ್ಕಳ ದಿನಚರಿ ಪುಸ್ತಕಕ್ಕೆ, ಅಂದರೆ ಹೊಡೆದುಹಾಕಿದ ಸಾಲುಗಳೂ ಹೊಂದಿಕೆಯಾಗದ ಅಳತೆಗಳೂ ಇರುವ ಪುಸ್ತಕಕ್ಕೆ ಸಲ್ಲುತ್ತದೆ. ಬಣ್ಣದ ರಟ್ಟಿಗೆ ಅಂಕವಿಲ್ಲ ಎಂದು ತಿಳಿದ ಮೇಲೆ ಝೆರಾಕ್ಸ್ ಅಂಗಡಿಗೆ ಹೋಗುವವರೂ ಕಡಿಮೆಯಾಗಿದ್ದಾರೆ.

ಎಲ್ಲವನ್ನೂ ಪ್ರಾಜೆಕ್ಟಿನ ಮೂಲಕವೇ ಕಲಿಸಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ರಾಸಾಯನಿಕ ಸಮೀಕರಣಗಳನ್ನು ಸರಿದೂಗಿಸುವುದನ್ನು ಕರಿಹಲಗೆಯ ಮೇಲೆ ಹೇಳಿಕೊಟ್ಟು, ಹತ್ತು ಲೆಕ್ಕ ಮಾಡಿಸುವುದೇ ಸರಿ. ಹತ್ತನೆಯ ತರಗತಿಯವರಿಗೆ ನಾನು ಇಂದಿಗೂ ದೊಡ್ಡ ಪ್ರಾಜೆಕ್ಟ್ ಕೊಡುವುದಿಲ್ಲ. ಫಲಿತಾಂಶದ ಒತ್ತಡವನ್ನು ಎದುರಿಸುವ ಧೈರ್ಯ ನನಗಿನ್ನೂ ಬಂದಿಲ್ಲ. ಎಂಟು, ಒಂಬತ್ತನೆಯ ತರಗತಿಗಳಲ್ಲಿ ವರ್ಷಕ್ಕೆ ಒಂದೇ ಪ್ರಾಜೆಕ್ಟ್, ಆದರೆ ಜೂನ್‌ನಿಂದ ಫೆಬ್ರುವರಿಯ ತನಕ ನಡೆಯುವಂಥದ್ದು ಎಂದು ನಿರ್ಧರಿಸಿದ್ದೇನೆ. ಈ ಸಲ ಅದೇ ಬೋರ್‌ವೆಲ್ ನೀರನ್ನು ಮಳೆಗಾಲದ ಮುಂಚೆಯೂ ಅನಂತರವೂ ಪರೀಕ್ಷಿಸುತ್ತಾರೆ. ಒಂದೊಂದು ನಳಿಕೆಯನ್ನೂ ಮೂವರು ಬೇರೆಬೇರೆಯಾಗಿ ನೋಡಿ, ಒಬ್ಬರಿಗೊಬ್ಬರು ತೋರಿಸದೆ ಬರೆದುಕೊಳ್ಳಬೇಕು, ಮೂರೂ ಅಂಕಿಗಳು ವರದಿಯಲ್ಲಿ ಇರಲೇಬೇಕು.