ಫ್ಲೈಟ್ ಫುಲ್ ಇತ್ತು, ಮತ್ತೆ ಶೇರ್ ಯಾಕೆ ಬಿತ್ತು?

ನಮ್ಮ ತಿಪಟೂರಿನ ಚಿಕ್ಕಪ್ಪ ಹೋದ ತಿಂಗಳು ಮಗಳ ಮನೆಗೆ ಅಂತ ಬೆಂಗಳೂರಿಂದ ಡೆಲ್ಲಿಗೆ ಫ್ಲೈಟಲ್ಲಿ ಹೋದ್ರು. ಇಳಿದು ಬ್ಯಾಗ್ ಬರ್ಲಿ ಅಂತ ಕಾಯ್ತಾ ನಿಂತಿದ್ದಾಗ್ಲೇ ನಂಗೆ ಫೋನು. "ಲೋ, ಒಂದ್ ಸೀಟೂ ಖಾಲಿ ಇರ್ಲಿಲ್ಲ ಕಣೋ, ಟಿಕೆಟ್ ಏಳ್ ಸಾವ್ರ, ಈ ಕಂಪನಿಗಳು ಚೆನ್ನಾಗ್ ದುಡೀತಾವೆ, ಇಂಡಿಗೋ ಶೇರ್ ಒಂದಿಪ್ಪತ್ತು ತಗೊಂಡ್ಬಿಡ್ಲಾ?" ಅಂದ್ರು. ಆ ಗದ್ದಲದಲ್ಲಿ ನಾನು ಹೇಳಿದ್ದು ಅವರಿಗೆ ಅರ್ಧ ಕೇಳಿಸ್ತು, ಅರ್ಧ ಇಲ್ಲ, ಅದಕ್ಕೆ ಆಮೇಲೆ ಇನ್ನೊಂದ್ಸಲ ಬಿಡಿಸಿ ಹೇಳ್ದೆ, ಅದನ್ನೇ ಪೂರ್ತಿ ಇಲ್ಲೂ ಬರೀತಿದೀನಿ.

ಯಾಕಂದ್ರೆ ಚಿಕ್ಕಪ್ಪ ಯೋಚ್ನೆ ಮಾಡಿದ ಹಾಗೇ ನಾನೂ ಒಂದ್ಸಲ ಯೋಚ್ನೆ ಮಾಡಿದ್ದೆ. ಏರ್‌ಪೋರ್ಟಲ್ಲಿ ಯಾವ ಕೌಂಟರ್ ಮುಂದೆ ಉದ್ದ ಕ್ಯೂ ಇತ್ತೋ ಆ ಕಂಪನಿ ಶೇರ್ 300 ತಗೊಂಡೆ, ಹೆಸರು ಬೇಡ. ಆಮೇಲೆ ಆ ಕಂಪನಿ ಹಾರಾಟನೇ ನಿಲ್ಸ್ತು, ಶೇರ್ ಟ್ರೇಡಿಂಗೂ ನಿಂತೋಯ್ತು. ಇವತ್ತಿಗೂ ನನ್ನ ಡೀಮ್ಯಾಟ್ (ಶೇರ್ ಇಡೋ ಖಾತೆ) ಓಪನ್ ಮಾಡಿದ್ರೆ ಲಿಸ್ಟಿನ ಕೊನೇಲಿ ಅದು ಇದೆ, 300 ಅಂತ ಸಂಖ್ಯೆ ಕಾಣ್ಸತ್ತೆ, ಮಾರೋಣ ಅಂದ್ರೆ ಕೊಳ್ಳೋರಿಲ್ಲ. ಆ ದುಡ್ಡು ಎರಡು ವರ್ಷ ಚೀಟಿ ಕಟ್ಟಿ ಎತ್ತಿದ್ದು, ಅದಕ್ಕೇ ಇನ್ನೂ ಹೊಟ್ಟೆ ಉರಿಯತ್ತೆ.

ಚಿಕ್ಕಪ್ಪ ಕೊಬ್ಬರಿ ವ್ಯಾಪಾರದವರು, ಅವರಿಗೆ ಲೆಕ್ಕ ಇಟ್ಟು ಹೇಳಿದ್ರೇನೇ ತಲೆಗೆ ಹೋಗೋದು. ಅವರು ಕೂತ ವಿಮಾನನೇ ತಗೊಳಣ. ಎ320, 180 ಸೀಟು, ಬೆಂಗಳೂರು ಡೆಲ್ಲಿ ಅಂದ್ರೆ ಹತ್ತತ್ರ 1700 ಕಿಲೋಮೀಟರ್. ಆ ಟ್ರಿಪ್ಪಿಗೆ ಅಂದಾಜು 6 ಟನ್ ಇಂಧನ ಬೇಕು, ಲೀಟರ್ ಲೆಕ್ಕದಲ್ಲಿ 7,500 ಅಂತ ಇಟ್ಕೊಳಿ. ವಿಮಾನಕ್ಕೆ ಹಾಕೋ ಎಟಿಎಫ್ ಲೀಟರಿಗೆ 90 ರೂಪಾಯಿ ಅಂದ್ರೆ ಆರೂಮುಕ್ಕಾಲು ಲಕ್ಷ ಆಯ್ತು. 180 ಸೀಟಿಗೆ ಹಂಚಿದ್ರೆ ತಲೆಗೆ 3,750 ರೂಪಾಯಿ, ಅದೂ ಎಲ್ಲಾ ಸೀಟ್ ತುಂಬಿದ್ರೆ. ಇನ್ನೂ ಪೈಲಟ್ ಸಂಬಳ, ವಿಮಾನದ ಬಾಡಿಗೆ, ರಿಪೇರಿ, ಏರ್‌ಪೋರ್ಟ್ ಚಾರ್ಜು ಯಾವುದೂ ಬಂದಿಲ್ಲ ಇದರಲ್ಲಿ. ಈಗ ಎಟಿಎಫ್ ಲೀಟರಿಗೆ ಬರೀ 5 ರೂಪಾಯಿ ಏರ್ತು ಅನ್ಕೊಳಿ, ಇದೊಂದೇ ಟ್ರಿಪ್ಪಿಗೆ 37,500 ರೂ ಜಾಸ್ತಿ, ಇಂಡಿಗೋ ದಿನಕ್ಕೆ 2000ಕ್ಕಿಂತ ಹೆಚ್ಚು ಫ್ಲೈಟ್ ಹಾರ್ಸತ್ತೆ, ಟಿಕೆಟ್ ನೋಡಿದ್ರೆ ಜನ ಎರಡು ತಿಂಗಳ ಹಿಂದೆನೇ ಬುಕ್ ಮಾಡಿರ್ತಾರೆ, ಅವರ ಹತ್ರ ಈಗ ಹೋಗಿ ಇನ್ನೂರು ಕೊಡಿ ಅಂತ ಕೇಳಕ್ಕಾಗತ್ತಾ.

ಅದಕ್ಕೇ ಕಚ್ಚಾ ತೈಲದ ರೇಟ್ ಏರ್ತು ಅಂತ ಬೆಳಿಗ್ಗೆ ನ್ಯೂಸ್ ಬಂದ್ರೆ ಸಂಜೆಯೊಳಗೆ ಏರ್‌ಲೈನ್ ಶೇರ್ ಕೆಂಪಗಿರತ್ತೆ, ಅಂದ್ರೆ ಬಿದ್ದಿರತ್ತೆ. 2022ರ ಮಾರ್ಚಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಬ್ಯಾರೆಲ್ 130 ಡಾಲರ್ ದಾಟ್ದಾಗ ಹಂಗೇ ಆಯ್ತು. ಉಲ್ಟಾನೂ ನಡೆದಿದೆ. 2014ರ ಡಿಸೆಂಬರಲ್ಲಿ ಸ್ಪೈಸ್‌ಜೆಟ್ ಎಣ್ಣೆ ಕಂಪನಿಗಳಿಗೆ ದುಡ್ಡು ಕಟ್ಟಕ್ಕಾಗ್ದೆ ಒಂದಿನ ವಿಮಾನಗಳು ನೆಲದ ಮೇಲೇ ನಿಂತಿದ್ವು, ಶೇರು 20 ರೂಪಾಯಿ ಒಳಗಿತ್ತು. ಅದೇ ಟೈಮಿಗೆ ಕಚ್ಚಾ ತೈಲ 110 ಡಾಲರ್‌ನಿಂದ 50ರ ಕೆಳಗೆ ಜಾರ್ತಾ ಇತ್ತು, ಹಳೇ ಪ್ರಮೋಟರ್, ಅಂದ್ರೆ ಮೊದಲಿನ ಮಾಲೀಕರಲ್ಲಿ ಒಬ್ರು, ಅಜಯ್ ಸಿಂಗ್ ವಾಪಸ್ ಬಂದ್ರು, 2017ರಲ್ಲಿ ಅದೇ ಶೇರು 100 ದಾಟಿತ್ತು. ಅವರ ಶ್ರಮ ಇಲ್ಲ ಅಂತ ನಾನು ಹೇಳ್ತಿಲ್ಲ, ಆದ್ರೆ ಎಣ್ಣೆ ಇಳೀದೆ ಇದ್ದಿದ್ರೆ ಆ ಶ್ರಮಕ್ಕೆ ಫಲ ಸಿಗ್ತಿತ್ತಾ ಅನ್ನೋದು ನಂಗೆ ಡೌಟೇ. ನಮ್ಮಲ್ಲಿ ಎಟಿಎಫ್ ಜಿಎಸ್‌ಟಿ ಒಳಗೂ ಬಂದಿಲ್ಲ, ಒಂದೊಂದು ರಾಜ್ಯದಲ್ಲಿ ಒಂದೊಂದು ವ್ಯಾಟ್, ಕೆಲವು ಕಡೆ 1 ಪರ್ಸೆಂಟ್, ಕೆಲವು ಕಡೆ 25 ದಾಟತ್ತೆ. ಇದು ಸರಿ ಹೋಗ್ಬೇಕು ಅಂತ ಕಂಪನಿಗಳು ವರ್ಷಗಳಿಂದ ಕೇಳ್ತಾನೇ ಇವೆ.

ಎಣ್ಣೆ ವಿಷಯ ಎಲ್ಲರಿಗೂ ಅಷ್ಟೋ ಇಷ್ಟೋ ಗೊತ್ತು. ಗೊತ್ತಿಲ್ದೇ ಇರೋದು ಡಾಲರ್ ವಿಷಯ, ನಂಗೂ ಇದು ಅರ್ಥ ಆಗಕ್ಕೆ ತುಂಬಾ ದಿನ ಹಿಡೀತು. ಇಂಡಿಗೋ ಹತ್ರ 400ಕ್ಕೂ ಹೆಚ್ಚು ವಿಮಾನ ಇವೆ, ಅದರಲ್ಲಿ ಬಹುಪಾಲು ಬಾಡಿಗೆದು, ಬಾಡಿಗೆ ಕಟ್ಟೋದು ಡಾಲರಲ್ಲಿ. ಚಿಕ್ಕಪ್ಪ ಕೊಡೋದು ರೂಪಾಯಿ, ಕಂಪನಿ ಕಟ್ಟೋದು ಡಾಲರ್. ಇಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ. 2019ರ ಏಪ್ರಿಲಿಂದ ಬಂದ ಅಕೌಂಟಿಂಗ್ ನಿಯಮದ ಪ್ರಕಾರ ಮುಂದಿನ ವರ್ಷಗಳಲ್ಲಿ ಕಟ್ಬೇಕಾಗಿರೋ ಬಾಡಿಗೆ ಎಲ್ಲಾನೂ ಈಗ್ಲೇ ಸಾಲದ ಥರ ಪುಸ್ತಕದಲ್ಲಿ ತೋರಿಸ್ಬೇಕು. ಹಂಗಾಗಿ ರೂಪಾಯಿ ಬಿದ್ದಾಗ ಈ ತಿಂಗಳ ಬಾಡಿಗೆ ಅಷ್ಟೇ ಅಲ್ಲ, ಇನ್ನೂ ಕಟ್ಟೇ ಇಲ್ದಿರೋ ಮುಂದಿನ ಬಾಡಿಗೆಯ ಗುಡ್ಡೆನೂ ಒಂದೇ ದಿನಕ್ಕೆ ದಪ್ಪ ಆಗತ್ತೆ, ಆ ದಪ್ಪ ಆಗಿದ್ದನ್ನ ಆ ಕ್ವಾರ್ಟರಿನ (ಮೂರು ತಿಂಗಳ) ನಷ್ಟ ಅಂತ ಬರ್ಕೋಬೇಕು. 2025ರ ಜುಲೈ-ಸೆಪ್ಟೆಂಬರ್ ಕ್ವಾರ್ಟರಲ್ಲಿ ಇಂಡಿಗೋ 2,582 ಕೋಟಿ ನಷ್ಟ ತೋರಿಸ್ತು. ಡಾಲರ್ ಏರಿಳಿತ ಬಿಟ್ಟು ನೋಡಿದ್ರೆ 104 ಕೋಟಿ ಲಾಭ! ಮಳೆಗಾಲದ ಡಲ್ ಸೀಸನ್ನಲ್ಲಿ ಅಷ್ಟು ದುಡಿದಿದ್ರು, ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಆ ಡಿಸೆಂಬರಲ್ಲಿ ಡಾಲರ್ 90 ರೂಪಾಯಿನೂ ದಾಟ್ತು.

ಚಿಕ್ಕಪ್ಪ ಇದನ್ನ ಕೇಳಿ, ಹಂಗಾದ್ರೆ ಅದು ಕಾಗದದ ಮೇಲಿನ ನಷ್ಟ ತಾನೆ, ಜೇಬಿಂದ ಹೋಗಿಲ್ವಲ್ಲ ಅಂದ್ರು. ಸರಿಯಾದ ಪ್ರಶ್ನೆ. ಈಗ ಹೋಗಿಲ್ಲ, ಆದ್ರೆ ರೂಪಾಯಿ ವಾಪಸ್ ಚೇತರಿಸ್ಕೊಳ್ದೆ ಹೋದ್ರೆ ಒಂದೊಂದೇ ತಿಂಗಳು ಜೇಬಿಂದಾನೇ ಹೋಗತ್ತೆ.

ಆಮೇಲೆ ಪಕ್ಕದ ಅಂಗಡಿ ವಿಷಯ. ಒಂದು ಏರ್‌ಲೈನ್ ಶೇರ್ ಏರಕ್ಕೆ ಇನ್ನೊಂದು ಏರ್‌ಲೈನ್ ಮುಳುಗಿದ್ದೇ ಕಾರಣ ಆಗ್ಬೋದು, ಇದನ್ನ ಬರೀವಾಗ ನಂಗೆ ಬೇಜಾರಾಗತ್ತೆ. 2019ರ ಏಪ್ರಿಲ್ 17ಕ್ಕೆ ಜೆಟ್ ಏರ್‌ವೇಸ್ ಕೊನೇ ಫ್ಲೈಟ್ ಹಾರ್ಸ್ತು, ಸೀಟು ಕಮ್ಮಿ ಆಯ್ತು, ಉಳಿದವರ ಟಿಕೆಟ್ ರೇಟ್ ಏರ್ತು. 2023ರ ಮೇನಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿದ ಮಾರನೇ ದಿನ ಇಂಡಿಗೋ ಶೇರ್ ಜಿಗೀತು. ಸಾವಿರಾರು ಜನರ ಸಂಬಳ ನಿಂತ ದಿನ ಮಾರ್ಕೆಟಲ್ಲಿ ಹಸಿರು. ಗೋ ಫಸ್ಟ್ ತನ್ನ ಕಷ್ಟಕ್ಕೆ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ ಕಾರಣ ಅಂತ ಹೇಳಿತ್ತು, ಅದೇ ಕಂಪನಿಯ ಎಂಜಿನ್ ತೊಂದ್ರೆಯಿಂದ ಇಂಡಿಗೋದೂ 70ಕ್ಕೂ ಹೆಚ್ಚು ವಿಮಾನ ನಿಂತ್ವು. ನಿಂತ ವಿಮಾನಕ್ಕೂ ಬಾಡಿಗೆ ಓಡ್ತಾನೇ ಇರತ್ತೆ. ಆದ್ರೂ ದೊಡ್ಡ ಮರ ಗಾಳಿ ತಡ್ಕೊಳ್ತು.

ನಮ್ಮೂರ ಕಡೆಯವರಿಗೆ ಏರ್ ಡೆಕ್ಕನ್ ಮರೆಯಕ್ಕಾಗಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರು-ಹುಬ್ಬಳ್ಳಿ ಫ್ಲೈಟ್ ಶುರು ಮಾಡಿದ್ರು, ಒಂದ್ ರೂಪಾಯಿ ಟಿಕೆಟ್ ಅಂತ ಮಾತಾಡ್ಕೊಳ್ದೇ ಇರೋ ಮನೆ ಇರ್ಲಿಲ್ಲ. ಜೀವಮಾನದಲ್ಲಿ ವಿಮಾನ ಹತ್ತಲ್ಲ ಅನ್ಕೊಂಡಿದ್ದ ಎಷ್ಟೋ ಜನ ಹತ್ತಿದ್ರು, ಆ ಮನುಷ್ಯನ ಬಗ್ಗೆ ನಂಗೆ ಇವತ್ತಿಗೂ ಗೌರವ. 2006ರಲ್ಲಿ 148 ರೂಪಾಯಿಗೆ ಐಪಿಒ (ಕಂಪನಿ ಮೊದಲ ಸಲ ಜನರಿಗೆ ಶೇರ್ ಮಾರೋದು) ಬಂತು, ಮಾರ್ಕೆಟ್ ಕುಸೀತಿದ್ದ ಟೈಮು, ಮಾರ್ಕೆಟಲ್ಲಿ ಶೇರು ಶುರುವಾಗಿದ್ದೇ ಅದಕ್ಕಿಂತ ತುಂಬಾ ಕೆಳಗೆ. ಮುಂದಿನ ವರ್ಷ ಕಿಂಗ್‌ಫಿಷರ್ ಬಂದು ಪಾಲು ತಗೊಳ್ತು, ಎರಡೂ ಸೇರಿದ್ವು, 2012ರ ಅಕ್ಟೋಬರಲ್ಲಿ ಅದೂ ನಿಂತೋಯ್ತು. ಜನ ಇಷ್ಟಪಟ್ಟಿದ್ರು, ಸೀಟೂ ತುಂಬ್ತಿದ್ವು, ಆ ರೇಟಲ್ಲಿ ಖರ್ಚು ಗಿಟ್ಟಲಿಲ್ಲ. ಗೋಡೌನ್ ತುಂಬಾ ಮಾಲಿದ್ರೂ ಕೊಬ್ಬರಿಗೆ ರೇಟ್ ಇಲ್ದಿದ್ರೆ ಏನ್ ಮಾಡ್ತೀರಾ ಅಂತ ಕೇಳ್ದಾಗ ಚಿಕ್ಕಪ್ಪ ಸುಮ್ನಾದ್ರು.

ಇನ್ನು ಸರ್ಕಾರದ ನಿಯಮ. ಪೈಲಟ್‌ಗಳಿಗೆ ವಾರಕ್ಕೆ 36 ಗಂಟೆ ಇದ್ದ ರೆಸ್ಟ್ 48 ಆಗ್ಬೇಕು, ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳೀಬೇಕು ಅಂತ ಡಿಜಿಸಿಎ (ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಹೊಸ ರೂಲ್ ತಂತು, ರಾತ್ರಿದು 2025ರ ನವೆಂಬರ್ 1ರಿಂದ ಜಾರಿ. ನ್ಯಾಯವಾದ ರೂಲ್, ನಿದ್ದೆ ಇಲ್ದೆ ಇರೋರು ನನ್ನ ವಿಮಾನ ಓಡಿಸ್ಬೇಕು ಅಂತ ನಾನಂತೂ ಬಯಸಲ್ಲ. ಅದಕ್ಕೆ ಬೇಕಾದಷ್ಟು ಪೈಲಟ್‌ಗಳು ಇಂಡಿಗೋ ಹತ್ರ ಇರ್ಲಿಲ್ಲ. ಡಿಸೆಂಬರ್ 5ಕ್ಕೆ ಒಂದೇ ದಿನ ಸಾವಿರಕ್ಕಿಂತ ಹೆಚ್ಚು ಫ್ಲೈಟ್ ಕ್ಯಾನ್ಸಲ್. 8ನೇ ತಾರೀಖು ಸೋಮವಾರ ಇಂಡಿಗೋ ಶೇರ್ 8 ಪರ್ಸೆಂಟಿಗಿಂತ ಹೆಚ್ಚು ಬಿತ್ತು. ಸರ್ಕಾರ ಟಿಕೆಟ್ ರೇಟಿಗೂ ಕಡಿವಾಣ ಹಾಕ್ತು, 500 ಕಿಲೋಮೀಟರ್ ಒಳಗೆ 7,500, ಎಷ್ಟೇ ದೂರ ಅಂದ್ರೂ 18,000 ಮೇಲೆ ಹೋಗಂಗಿಲ್ಲ ಅಂತ, ಚಳಿಗಾಲದ ಹಾರಾಟದಲ್ಲಿ 10 ಪರ್ಸೆಂಟ್ ಕಡಿತ ಬೇರೆ. ಅದೇ ವರ್ಷ ಸೆಪ್ಟೆಂಬರ್ ಕೊನೇಲಿ ಈ ಶೇರು ನಿಫ್ಟಿ 50ಕ್ಕೆ (50 ದೊಡ್ಡ ಕಂಪನಿಗಳ ಪಟ್ಟಿ) ಸೇರಿತ್ತು, ಅಂದ್ರೆ ಆ ಪಟ್ಟಿಯ ಶೇರೆಲ್ಲಾ ಕೊಳ್ಳೋ ಇಂಡೆಕ್ಸ್ ಫಂಡಲ್ಲಿ ತಿಂಗಳಿಗೆ ಐನೂರು ಕಂತು (ಎಸ್‌ಐಪಿ) ಹಾಕೋರ ಹತ್ರಾನೂ ಇದರ ಒಂದು ಚೂರು ಇದೆ.

ಮಾಲೀಕರ ಜಗಳ ಅಂತ ಇನ್ನೊಂದಿದೆ. 2019ರ ಜುಲೈಲಿ ಇಂಡಿಗೋದ ಇಬ್ಬರು ಪ್ರಮೋಟರ್‌ಗಳಲ್ಲಿ ಒಬ್ರಾದ ರಾಕೇಶ್ ಗಂಗ್ವಾಲ್ ಇನ್ನೊಬ್ಬರ ವಿರುದ್ಧ ಸೆಬಿಗೆ (ಶೇರ್ ಮಾರ್ಕೆಟ್ ಕಾಯೋ ಸಂಸ್ಥೆ) ದೂರು ಬರೆದ್ರು, ಸುದ್ದಿ ಹೊರಗೆ ಬಂದ ಮಾರನೇ ದಿನ ಶೇರ್ ಹತ್ತು ಪರ್ಸೆಂಟಿಗಿಂತ ಹೆಚ್ಚು ಕುಸೀತು. ಅವತ್ತೂ ವಿಮಾನಗಳು ಎಂದಿನ ಹಾಗೇ ಹಾರಿದ್ವು ಪಾಪ. 2022ರಲ್ಲಿ ಅವರು ಬೋರ್ಡ್ ಬಿಟ್ಟು ತಮ್ಮ ಪಾಲು ನಿಧಾನಕ್ಕೆ ಮಾರ್ತೀನಿ ಅಂದ್ರು, ಆಮೇಲಿಂದ ದೊಡ್ಡ ಗಂಟು ಮಾರ್ಕೆಟಿಗೆ ಬರತ್ತೆ ಅಂದಾಗೆಲ್ಲ ರೇಟ್ ಸ್ವಲ್ಪ ಜಗ್ಗತ್ತೆ.

ಇಷ್ಟೆಲ್ಲಾ ಹೇಳಿ ನಾನು ತಗೋಬೇಡಿ ಅಂತ ಅನ್ಲಿಲ್ಲ. 2015ರಲ್ಲಿ 765 ರೂಪಾಯಿಗೆ ಐಪಿಒಲಿ ತಗೊಂಡು, ಕೊರೋನಾ ಟೈಮಲ್ಲಿ ಎರಡು ತಿಂಗಳು ದೇಶದಲ್ಲಿ ಪ್ಯಾಸೆಂಜರ್ ವಿಮಾನನೇ ಹಾರ್ದೇ ಇದ್ದಾಗ್ಲೂ ಬಿಡ್ದೇ ಇಟ್ಕೊಂಡೋರು ಒಳ್ಳೇ ದುಡ್ಡು ನೋಡಿದಾರೆ. ತಗೊಂಡ್ರೆ ಸೀಟು ಎಣಿಸಿ ತಗೋಬೇಡಿ, ತಿಂಗಳ ಒಂದನೇ ತಾರೀಖು ಎಣ್ಣೆ ಕಂಪನಿಗಳು ಎಟಿಎಫ್ ರೇಟ್ ಬದಲಾಯಿಸ್ತಾವೆ, ಅದನ್ನ ನೋಡಿ, ಡಾಲರ್ ನೋಡಿ, ಮಕ್ಕಳ ಮದುವೆಗೆ ಎತ್ತಿಟ್ಟಿರೋ ದುಡ್ಡು ಮಾತ್ರ ಇದಕ್ಕೆ ಹಾಕ್ಬೇಡಿ ಅಂದೆ.

ಈ ಒಂದನೇ ತಾರೀಖು ಬೆಳಿಗ್ಗೆ ಏಳಕ್ಕೇ ಚಿಕ್ಕಪ್ಪ ಫೋನ್ ಮಾಡಿದ್ರು. ಶೇರ್ ಇನ್ನೂ ತಗೊಂಡಿಲ್ವಂತೆ. "ವಿಮಾನದ ಎಣ್ಣೆ ಇವತ್ತು ಎಷ್ಟಾಯ್ತೋ?" ಅಂತ ಕೇಳಿದ್ರು.